ಮಗಳು ಕಪ್ಪೆ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತಿದ್ದಾಳೆ, ತಿಳಿದವರು ಹೇಳಿ

ಸಪ್ತಾಪುರದ ಅಪ್ಪ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಮಗಳು ಈ ವರ್ಷ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದಳು. ಬಿ.ಎಡ್. ಮಾಡ್ತಾಳೆ, ಇಲ್ಲಾ ಬ್ಯಾಂಕ್ ಪರೀಕ್ಷೆ ಬರೀತಾಳೆ ಅಂದುಕೊಂಡಿದ್ದೆ. ಮೊನ್ನೆ ಊಟಕ್ಕೆ ಕೂತಾಗ, ಕಪ್ಪೆಗಳ ಮೇಲೆ ಸಂಶೋಧನೆ ಮಾಡ್ತೀನಿ ಅಂದಳು. ನಮ್ಮವ್ವ ರೊಟ್ಟಿ ಮುರಿಯೋದು ಬಿಟ್ಟು, "ಕಪ್ಪಿ ನೋಡಾಕ ಪಗಾರ ಕೊಡ್ತಾರೇನ ಯವ್ವಾ?" ಅಂತ ಕೇಳಿದರು. ಮಗಳು ಏನೂ ಅನ್ನಲಿಲ್ಲ. ಅವತ್ತು ಸರಿಯಾಗಿ ಊಟನೂ ಮಾಡಲಿಲ್ಲ.

ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ಪಾಯಾ ತೋಡಿದ್ದಾರೆ. ಮಿರಗದ ಮಳೆಗೆ ಅದು ತುಂಬಿ ನಿಂತಿದೆ. ಮಗಳು ದಿನಾ ಸಂಜೆ ಟಾರ್ಚ್ ಹಿಡಿದು ಅಲ್ಲೇ ಕೂತಿರುತ್ತಾಳೆ. ನಿನ್ನೆ ನನ್ನನ್ನೂ ಕರೆದಳು. ಕರಿ ಎಳ್ಳು ಚೆಲ್ಲಿದ ಹಾಗೆ ಗೊದಮೊಟ್ಟೆಗಳು ಒಂದು ಮೂಲೆಯಲ್ಲಿ ಮುತ್ತಿಕೊಂಡಿದ್ದವು. "ಅಪ್ಪಾ, ಇಷ್ಟೊಂದು ಜಾಗ ಇದ್ರೂ ಎಲ್ಲಾ ಒಂದ ಕಡೆ ಯಾಕ ಅದಾವ, ಹೇಳು ನೋಡೋಣ" ಅಂದಳು. ನನಗೆ ಗೊತ್ತಿರಲಿಲ್ಲ.

ಅವಳ ಆಸೆಗೆ ಅಡ್ಡ ಬರೋಕೆ ಈ ಪ್ರಶ್ನೆ ಹಾಕ್ತಿಲ್ಲ. ಐದಾರು ವರ್ಷ ಬದುಕಿನಲ್ಲಿ ಸಣ್ಣ ಮಾತಲ್ಲ. ಕಪ್ಪೆ, ಹಲ್ಲಿ, ಹಾವು ಅಂತ ಸಂಶೋಧನೆ ಮಾಡೋದರಿಂದ ಯಾರಿಗೆ ಏನು ಉಪಯೋಗ? ತಿಳಿದವರು ಬಿಡಿಸಿ ಹೇಳಿದರೆ ನಮ್ಮವ್ವನಿಗೂ ಓದಿ ಹೇಳ್ತೀನಿ.

ಬೆಟಗೇರಿ ಓಣಿ

ಅಣ್ಣಾರ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ತಮ್ಮ ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಏಳು ವರ್ಷದಿಂದ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಕಾಲೇಜು ಶುರುವಾಗೋ ಹೊತ್ತಿಗೆ, ಈ ಸಲ ಕರೀತಾರೋ ಇಲ್ವೋ ಅಂತ ಮನೆಮಂದಿಗೆಲ್ಲ ಚಿಂತೆ. ಮದುವೆ ಮಾತು ಬಂದಾಗಲೂ ಅದೇ ಪ್ರಶ್ನೆ. ಹುಡುಗಿ ಜಾಣೆ ಇದ್ದರೆ ಮೊದಲು ಒಂದು ನೌಕರಿ ಹಿಡೀಲಿ. ಕಪ್ಪೆ ಆಮೇಲೂ ಇರ್ತಾವೆ.

ಕೆಲಗೇರಿ ದಂಡೆ

ಕಾಕಾ, ನಾನು ಇದೇ ವಿಷಯದ ಸಂಶೋಧನಾ ವಿದ್ಯಾರ್ಥಿನಿ, ನಾಲ್ಕನೇ ವರ್ಷ. ನಿಮ್ಮ ಮಗಳು ಪಾಯಾದ ಹತ್ತಿರ ಕೂತು ಕೇಳಿದ ಪ್ರಶ್ನೆ ಇದೆಯಲ್ಲ, ಅದರ ಬೆನ್ನು ಹತ್ತಿದವರು ನಿಮ್ಮ ಮನೆಯಿಂದ ಸ್ವಲ್ಪವೇ ದೂರ, ಪಾವಟೆ ನಗರದಲ್ಲೇ ಇದ್ದರು. ಅದನ್ನು ನೀವು ತಿಳಿಯಲೇಬೇಕು ಅಂತ ಬರೀತಿದ್ದೀನಿ.

ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್.ಕೆ. ಸೈದಾಪುರ ಮತ್ತು ಅವರ ವಿದ್ಯಾರ್ಥಿಗಳು ನೆಲಗಪ್ಪೆಯ ಗೊದಮೊಟ್ಟೆಗಳನ್ನು ಸಾಕಿ ನೋಡಿದರು. ತೊಟ್ಟಿಯ ಒಂದು ತುದಿಯಲ್ಲಿ ಜಾಲರಿಯ ಆಚೆ ಒಡಹುಟ್ಟಿದ ಮರಿಗಳು, ಇನ್ನೊಂದು ತುದಿಯಲ್ಲಿ ಬೇರೆ ತಾಯಿಯ ಮರಿಗಳು. ನಡುವೆ ಒಂದೇ ಒಂದು ಗೊದಮೊಟ್ಟೆ. ಅದು ಯಾವ ಕಡೆ ಎಷ್ಟು ಹೊತ್ತು ಇರುತ್ತದೆ ಅಂತ ಗಡಿಯಾರ ಹಿಡಿದು ಲೆಕ್ಕ ಹಾಕೋದು. ಒಂದಾದ ಮೇಲೆ ಇನ್ನೊಂದು, ಹೀಗೆ ಎಷ್ಟೋ ಸಲ. ಅವು ತಮ್ಮ ಒಡಹುಟ್ಟಿದವರ ಕಡೆಗೇ ಜಾಸ್ತಿ ಹೊತ್ತು ಇದ್ದವು. ಕಣ್ಣಿನಿಂದ ಗುರುತು ಹಿಡಿಯೋದಲ್ಲ, ನೀರಿನಲ್ಲಿ ಕರಗಿ ಬರುವ ವಾಸನೆಯಿಂದ ಅಂತ ಆಮೇಲಿನ ಪ್ರಯೋಗಗಳಲ್ಲಿ ತಿಳಿಯಿತು. ಮೊದಲಿನ ಕೆಲಸ 2000ದಲ್ಲಿ ಜರ್ನಲ್ ಆಫ್ ಬಯೋಸೈನ್ಸಸ್‌ನಲ್ಲಿ ಪ್ರಕಟವಾಯಿತು.

ಹಾಗಂತ ಗುಂಪು ಕಂಡ ಕೂಡಲೇ ಎಲ್ಲಾ ಅಣ್ಣತಮ್ಮಂದಿರು ಅಂತ ಹೇಳಕ್ಕಾಗಲ್ಲ. ಬಿಸಿಲು ಬಿದ್ದು ಬೆಚ್ಚಗಿರುವ ಮೂಲೆ, ಪಾಚಿ ಇರುವ ಮೂಲೆ ಅಂತಲೂ ಸೇರುತ್ತವೆ. ಯಾವ ಕಾರಣಕ್ಕೆ ಸೇರಿವೆ ಅನ್ನೋದನ್ನು ಒಂದೊಂದಾಗಿ ಬೇರೆ ಮಾಡಿ ನೋಡೋದೇ ನಮ್ಮ ಕೆಲಸ. ನಿಮ್ಮ ಮಗಳಿಗೆ ಆ ಪ್ರಶ್ನೆ ತಾನಾಗಿಯೇ ಬಂದಿದೆ ನೋಡಿ. ಎಂ.ಎಸ್ಸಿ. ಮುಗಿಸಿದ ಎಷ್ಟೋ ಜನಕ್ಕೆ ಅದು ಬರಲ್ಲ.

ಇನ್ನೊಂದು ಹೇಳಬೇಕು. ನಮ್ಮ ಬೇಲಿ ಮೇಲೆ ಕೂತು ತಲೆ ಕುಣಿಸುವ ಓತಿಕ್ಯಾತ ಗೊತ್ತಲ್ಲ? ಹುಡುಗರು ಕಲ್ಲು ಹೊಡೆಯುವುದೇ ಜಾಸ್ತಿ. ಅದು ಮೊಟ್ಟೆ ಇಡೋಕೆ ಹಸಿ ಮಣ್ಣು ಬೇಕು. ಮಳೆ ಕೈಕೊಟ್ಟು ನೆಲ ಒಣಗಿದ್ದರೆ ಏನು ಮಾಡುತ್ತದೆ? ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಒಳಗಿನ ಮರಿಗಳ ಬೆಳವಣಿಗೆ ಒಂದು ಹಂತಕ್ಕೆ ಬಂದು ಅಲ್ಲಿಗೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ತಾಯಿ ತನ್ನ ಮೈಕಾವನ್ನೇ ತಗ್ಗಿಸಿಕೊಂಡಿರುತ್ತದೆ. ಇದನ್ನು ಕಂಡುಹಿಡಿದದ್ದೂ ಧಾರವಾಡದಲ್ಲೇ. ಪ್ರೊ. ಭಾಗ್ಯಶ್ರೀ ಶಾನಭಾಗ ಮತ್ತು ಅವರ ಜೊತೆಯವರು 2003ರಲ್ಲಿ ಜರ್ಮನಿಯ ಒಂದು ಹೆಸರಾಂತ ಪತ್ರಿಕೆಯಲ್ಲಿ ಬರೆದರು. ನಾನು ಮೊದಲ ಸಲ ಇದನ್ನು ಓದಿದ ದಿನ ಹಾಸ್ಟೆಲ್ ಹಿತ್ತಲಿಗೆ ಹೋಗಿ, ಕ್ರೋಟನ್ ಗಿಡದ ಮೇಲಿದ್ದ ಒಂದು ಓತಿಕ್ಯಾತವನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ. ಚಿಕ್ಕಂದಿನಿಂದ ನೋಡಿದ ಪ್ರಾಣಿ, ಆದರೆ ಅವತ್ತೇ ಮೊದಲು ನೋಡಿದ ಹಾಗಾಯಿತು.

ಬ್ಯಾಡಗಿ ಸೀಮೆ ರೈತ

ತಂಗಿ, ಓತಿಕ್ಯಾತದ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ಮಳೆ ದಾರಿ ನೋಡೋದು ನಾವಷ್ಟೇ ಅಂದುಕೊಂಡಿದ್ದೆ.

ನಂದು ಹಾವೇರಿ ಜಿಲ್ಲೆ, ಗೋವಿನಜೋಳ ಹಾಕ್ತೀನಿ. ನಾನು ಹುಡುಗ ಇದ್ದಾಗ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಹೊಲದ ಒಡ್ಡಿನ ಹತ್ತಿರ ನಿಂತ ನೀರಿನಲ್ಲಿ ದೊಡ್ಡ ದೊಡ್ಡ ಗೊಂಕರುಗಪ್ಪೆ ಸೇರುತ್ತಿದ್ದವು. ಗಂಡು ಕಪ್ಪೆ ಅರಿಶಿಣ ಬಳಿದ ಹಾಗೆ ಹಳದಿ. ಗಂಟಲ ಎರಡೂ ಪಕ್ಕ ನೀಲಿ ಚೀಲ ಉಬ್ಬುತ್ತಿತ್ತು. ಮನೆಯಲ್ಲಿ ಮಲಗಿದರೂ ಕೂಗು ಕೇಳೋದು. ಕಪ್ಪೆ ಕೂಗಿದರೆ ಬಿತ್ತನೆಗೆ ತಡ ಇಲ್ಲ ಅಂತ ನಮ್ಮಪ್ಪ ಕೂರಿಗೆ ತೆಗೆದು ನೋಡ್ತಿದ್ದರು. ಈಗ ನಮ್ಮ ಹೊಲದಲ್ಲಿ ಆ ಕೂಗು ಮೂರು ನಾಲ್ಕು ವರ್ಷದಿಂದ ಇಲ್ಲ.

ನನ್ನ ಮನಸ್ಸಿನಲ್ಲಿ ಇರೋ ಅನುಮಾನ ಹೇಳ್ತೀನಿ. ಗೋವಿನಜೋಳ ಬಿತ್ತಿದ ಎರಡು ಮೂರು ದಿನದೊಳಗೆ ನಾವು ಅಟ್ರಾಜಿನ್ ಅನ್ನೋ ಕಳೆನಾಶಕ ಹೊಡೀತೀವಿ. ಆಳು ಸಿಗಲ್ಲ, ಕಳೆ ಕೀಳೋರು ಇಲ್ಲ. ಅದೇ ಹೊತ್ತಿಗೆ ಕಪ್ಪೆ ಮೊಟ್ಟೆ ಇಡೋದು. ಅದೇ ನೀರು. ಇದರಿಂದ ಏನಾದರೂ ಆಗ್ತದಾ? ಅಂಗಡಿಯವರನ್ನು ಕೇಳಿದರೆ ಏನೂ ಆಗಲ್ಲ ಅಂತಾರೆ.

ಇನ್ನೊಂದು ಮಾತು. ಕೃಷಿಹೊಂಡ ತೆಗೆಸಿ ಪ್ಲಾಸ್ಟಿಕ್ ಹಾಳೆ ಹಾಸಿದ ಮೊದಲ ವರ್ಷ, ಬೆಳಿಗ್ಗೆ ಹೋದರೆ ಕಪ್ಪೆ, ಒಮ್ಮೊಮ್ಮೆ ಹಾವು, ಒಂದು ಸಲ ಉಡ ಕೂಡ ಹೊಂಡದಲ್ಲಿ ಸತ್ತು ತೇಲುತ್ತಿದ್ದವು. ಹಾಳೆ ಜಾರುತ್ತದೆ, ಹತ್ತಕ್ಕೆ ಆಗಲ್ಲ. ಮನಸ್ಸಿಗೆ ತುಂಬಾ ಕೆಟ್ಟ ಅನಿಸಿತು. ಹಳೆ ಗೋಣಿಚೀಲ ಬಿಚ್ಚಿ ಉದ್ದಕ್ಕೆ ಹೊಲಿದು, ನಾಲ್ಕೂ ಮೂಲೆಗೆ ದಂಡೆಯಿಂದ ನೀರಿನ ತನಕ ಇಳಿಬಿಟ್ಟು ಮೇಲೆ ಕಲ್ಲು ಹೇರಿದೆ. ಹಗ್ಗಕ್ಕಿಂತ ಗೋಣಿಚೀಲವೇ ಮೇಲು, ಕಾಲಿಗೆ ಹಿಡಿತ ಸಿಗುತ್ತದೆ. ಆಮೇಲೆ ಸಾಯೋದು ಬಹಳ ಕಡಿಮೆ ಆಯಿತು. ಹೊಂಡ ಇರೋರು ಯಾರಾದರೂ ಓದುತ್ತಿದ್ದರೆ ಇವತ್ತೇ ಮಾಡಿ, ಖರ್ಚು ಏನೂ ಇಲ್ಲ.

ಕೆಲಗೇರಿ ದಂಡೆ

ಅಣ್ಣಾ, ನಿಮ್ಮ ಅನುಮಾನವನ್ನೇ ಅಮೆರಿಕದಲ್ಲಿ ಟೈರೋನ್ ಹೇಯ್ಸ್ ಅನ್ನೋ ವಿಜ್ಞಾನಿ ಹಿಡಿದುಕೊಂಡು ಹೋದರು. ಅಟ್ರಾಜಿನ್ ಬಹಳ ಕಡಿಮೆ ಪ್ರಮಾಣದಲ್ಲಿ ಇರುವ ನೀರಿನಲ್ಲಿ ಬೆಳೆದ ಗಂಡು ಕಪ್ಪೆಗಳಲ್ಲಿ ಹೆಣ್ಣಿನ ಲಕ್ಷಣ ಬರುತ್ತವೆ ಅಂತ 2002ರಲ್ಲಿ ಬರೆದರು. 2010ರಲ್ಲಿ ಇನ್ನೊಂದು ಪ್ರಬಂಧ. 40 ಗಂಡು ಕಪ್ಪೆಗಳಲ್ಲಿ ಹತ್ತಕ್ಕೆ ಒಂದರಂತೆ ಪೂರ್ತಿ ಹೆಣ್ಣಾಗಿ ಮೊಟ್ಟೆ ಇಡುವಂತಾದವು. ಅಟ್ರಾಜಿನ್ ತಯಾರಿಸುವ ಕಂಪನಿ ಇದನ್ನು ಒಪ್ಪಲಿಲ್ಲ. ಅದೇ ಫಲಿತಾಂಶ ನಮಗೆ ಬರಲಿಲ್ಲ ಅಂದ ವಿಜ್ಞಾನಿಗಳೂ ಇದ್ದಾರೆ. ಆ ವಾದ ಬಹಳ ವರ್ಷ ನಡೆಯಿತು. ಯುರೋಪಿಯನ್ ಒಕ್ಕೂಟ 2004ರಲ್ಲಿ ಅಟ್ರಾಜಿನ್‌ಗೆ ಒಪ್ಪಿಗೆ ಕೊಡಲಿಲ್ಲ. ಅದಕ್ಕೆ ಕಾರಣ ಕಪ್ಪೆ ಅಲ್ಲ, ಅಂತರ್ಜಲಕ್ಕೆ ಇಳಿಯುತ್ತದೆ ಅನ್ನೋದು.

ಹೇಯ್ಸ್ ನೋಡಿದ್ದು ಬಹುಪಾಲು ಆಫ್ರಿಕಾ ಮೂಲದ ಕಪ್ಪೆ, ಅದೂ ಪ್ರಯೋಗಾಲಯದಲ್ಲಿ. ನಿಮ್ಮ ಗೊಂಕರುಗಪ್ಪೆಗೆ, ನಿಮ್ಮ ಎರೆಮಣ್ಣಿನ ನೀರಿನಲ್ಲಿ ಏನಾಗುತ್ತದೆ ಅನ್ನೋದನ್ನು ನಿಮ್ಮ ಹೊಲದ ಒಡ್ಡಿನ ಹತ್ತಿರವೇ ಕೂತು ನೋಡಬೇಕು. ಕಾಕಾ, ಉಪಯೋಗ ಏನು ಅಂತ ಕೇಳಿದಿರಲ್ಲ. ಈ ಅಣ್ಣನಿಗೆ ಅಂಗಡಿಯವರು ಬಿಟ್ಟರೆ ಬೇರೆ ಯಾರು ಉತ್ತರ ಕೊಡಬೇಕು ಹೇಳಿ. ಅಂಥ ಒಬ್ಬರು ಹುಟ್ಟಬೇಕಾದರೆ ಐದಾರು ವರ್ಷ ಬೇಕು.

ಗೊಂಕರುಗಪ್ಪೆ ಬಗ್ಗೆ ಇನ್ನೊಂದು ವಿಷಯ. ಒಂದು ಕಾಲಕ್ಕೆ ನಮ್ಮ ದೇಶದಿಂದ ಇವುಗಳ ಕಾಲು ಹೊರದೇಶದ ಊಟದ ಮೇಜಿಗೆ ಹೋಗುತ್ತಿತ್ತು. 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಿತು. ಕಪ್ಪೆ ಕಡಿಮೆಯಾದರೆ ಹೊಲದಲ್ಲಿ ಹುಳ ಜಾಸ್ತಿ ಅನ್ನೋ ಮಾತು ಆಗ ದೊಡ್ಡದಾಗಿ ಎದ್ದಿತ್ತು.

ಔಷಧಿ ಅಂಗಡಿ, ದುರ್ಗದಬೈಲ್

ನಂದು ಸಣ್ಣ ಮಾತು. ಬಿಪಿ ಗುಳಿಗೆ ದಿನಾ ನೂರಾರು ಜನಕ್ಕೆ ಕೊಡ್ತೀನಿ. ಅವುಗಳಲ್ಲಿ ಒಂದು ದೊಡ್ಡ ಗುಂಪಿನ ಮೂಲ ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷ. ಆ ಹಾವು ಕಚ್ಚಿದವರ ರಕ್ತದೊತ್ತಡ ಧಡಕ್ಕನೆ ಇಳಿಯೋದು ಯಾಕೆ ಅಂತ ಹುಡುಕುತ್ತಾ ಹೋಗಿ ಕ್ಯಾಪ್ಟೊಪ್ರಿಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಸಕ್ಕರೆ ಕಾಯಿಲೆಯ ಎಕ್ಸೆನಟೈಡ್ ಅನ್ನೋ ಚುಚ್ಚುಮದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಅನ್ನೋ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ವಸ್ತುವಿನಿಂದ ಬಂದದ್ದು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಜೊಲ್ಲು ಪರೀಕ್ಷೆ ಮಾಡಲು ಕೂತವರನ್ನೂ ಯಾರೋ "ಇದರಿಂದ ಏನು ಬರ್ತದೆ" ಅಂತ ಕೇಳಿರಲೇಬೇಕು.

ರಾತ್ರಿ ಪಾಳಿ ಸಿಸ್ಟರ್

ನಾನು ತಾಲೂಕು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ನರ್ಸ್. ಎಲ್ಲರ ಮಾತೂ ಸರಿ. ಆದರೆ ನನಗೆ ಕೇಳಿದರೆ ಮೊದಲು ಹಾವಿನ ಮೇಲೆ ಸಂಶೋಧನೆ ಆಗಲಿ ಅಂತೀನಿ. ಜೂನ್‌ನಿಂದ ಸುಗ್ಗಿ ತನಕ ನಮ್ಮಲ್ಲಿ ಹಾವು ಕಚ್ಚಿದವರು ಬರದ ವಾರ ಇಲ್ಲ. 2000ದಿಂದ 2019ರ ತನಕ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಅಂತ 2020ರ ಒಂದು ಅಧ್ಯಯನ ಹೇಳುತ್ತದೆ. ಬಹಳಷ್ಟು ಜನ ಹಳ್ಳಿಯವರು. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು. ಅದು ಒಳ್ಳೆಯ ಕೆಲಸ ಆಯಿತು.

ವಾರ್ಡಿನಲ್ಲಿ ನಾವು ಮಾಡೋದು ಹೇಳ್ತೀನಿ. ಸುಮಾರು ಎರಡು ಎಂ.ಎಲ್. ರಕ್ತ ತೆಗೆದು, ಒಣಗಿದ ಹೊಸ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ನಿಲ್ಲಿಸಿಡ್ತೀವಿ. ಪ್ಲಾಸ್ಟಿಕ್ ಟ್ಯೂಬ್ ನಡೆಯಲ್ಲ. ಸೋಪಿನಲ್ಲಿ ತೊಳೆದ ಗಾಜೂ ನಡೆಯಲ್ಲ, ಉತ್ತರ ತಪ್ಪು ಬರುತ್ತದೆ. ಇಪ್ಪತ್ತು ನಿಮಿಷ ಆದ ಮೇಲೆ ಒಂದೇ ಸಲ ಮೆಲ್ಲಗೆ ಬಗ್ಗಿಸಿ ನೋಡೋದು. ರಕ್ತ ಹೆಪ್ಪುಗಟ್ಟಿದ್ದರೆ ಸ್ವಲ್ಪ ಉಸಿರು ಬಿಡ್ತೀವಿ. ನೀರಿನ ಹಾಗೆ ಹರಿದರೆ ಕೊಳಕುಮಂಡಲವೋ ಗರಗಸ ಮಂಡಲವೋ ಇರಬೇಕು, ಕೂಡಲೇ ಪ್ರತಿವಿಷ ಶುರು. ಆ ಇಪ್ಪತ್ತು ನಿಮಿಷ ಮನೆಯವರು ನಮ್ಮ ಮುಖ ನೋಡ್ತಾ ಬಾಗಿಲಲ್ಲಿ ನಿಂತಿರ್ತಾರೆ. ಆ ನೋಟ ಹದಿನೆಂಟು ವರ್ಷ ಆದರೂ ನನಗೆ ರೂಢಿ ಆಗಿಲ್ಲ.

ಕಟ್ಟುಹಾವಿನದು ಬೇರೆ ಕಥೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ, ನೋವು ಬಾವು ಅಷ್ಟಾಗಿ ಇರಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಬರ್ತಾರೆ. ರೆಪ್ಪೆ ಜೋಲು ಬಿದ್ದಿರುತ್ತದೆ, ಎತ್ತಕ್ಕೆ ಆಗಲ್ಲ. ಕೆಲವು ಸಲ ಪ್ರತಿವಿಷ ಎಷ್ಟು ಬಾಟಲಿ ಹಾಕಿದರೂ ಅಂದುಕೊಂಡಷ್ಟು ಗುಣ ಕಾಣಲ್ಲ. ಯಾಕೆ ಅಂತ ಯಾರಾದರೂ ಹುಡುಕಬೇಕಲ್ವಾ?

ಮತ್ತೆ ಒಂದು ಕೈಮುಗಿದು ಕೇಳ್ತೀನಿ. ಹಗ್ಗ ಬಿಗಿಬೇಡಿ, ಕೊಯ್ದು ರಕ್ತ ಬಿಡಬೇಡಿ. ಕಚ್ಚಿದ ಕೈ ಕಾಲು ಅಲುಗಾಡದ ಹಾಗೆ ಇಟ್ಟು ಸೀದಾ ಆಸ್ಪತ್ರೆಗೆ ಬನ್ನಿ. ಮಂತ್ರ ಹಾಕಿಸಿಕೊಂಡು ಬರೋಣ ಅಂತ ಕಳೆದ ಒಂದು ತಾಸು ಮತ್ತೆ ಸಿಗಲ್ಲ.

ಕೆಲಗೇರಿ ದಂಡೆ

ಅಕ್ಕಾರ, ನೀವು ಕೇಳಿದ ಆ "ಯಾಕೆ" ಹಿಡಿದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ ಅವರ ತಂಡ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ ಬರುತ್ತದೆ. ಅದನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ಅದರ ರಕ್ತದಿಂದ ಪ್ರತಿವಿಷ ತಯಾರಿಸುತ್ತಾರೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ. ಒಂದು ಕಡೆಯ ವಿಷಕ್ಕೆ ತಯಾರಾದದ್ದು ಇನ್ನೊಂದು ಕಡೆ ಅಷ್ಟು ಚೆನ್ನಾಗಿ ಕೆಲಸ ಮಾಡದೇ ಇರಬಹುದು. 2019ರಿಂದ ಅವರು ಇದನ್ನು ಒಂದೊಂದು ಪ್ರದೇಶದ ಹಾವು ಹಿಡಿದು ತೋರಿಸುತ್ತಾ ಬಂದಿದ್ದಾರೆ.

ಹಾವು ಮೊದಲು, ಕಪ್ಪೆ ಆಮೇಲೆ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ ಅಕ್ಕಾ. ಹಾವು ಹೊಲಕ್ಕೆ ಬರೋದು ಇಲಿಗೆ ಮತ್ತು ಕಪ್ಪೆಗೆ. ಯಾವುದು ಯಾವಾಗ ಎಲ್ಲಿ ಸೇರುತ್ತದೆ ಅಂತ ತಿಳಿಯದೆ, ಯಾರಿಗೆ ಯಾವಾಗ ಕಚ್ಚುತ್ತದೆ ಅಂತ ಹೇಳೋದು ಹೇಗೆ?

ನಿವೃತ್ತ ಮಾಸ್ತರ, ಗದಗ

ನಾನು ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದೆ. ಪ್ರತಿ ವರ್ಷ ಒಬ್ಬ ಮನುಷ್ಯ ಬಕೆಟ್ ತುಂಬ ಕಪ್ಪೆ ತಂದು ಕೊಡುತ್ತಿದ್ದ. ಕ್ಲೋರೋಫಾರ್ಮ್ ಜಾಡಿ, ಮೇಣದ ಟ್ರೇ, ನಾಲ್ಕು ಕಾಲಿಗೆ ಗುಂಡುಪಿನ್ನು. ಒಂದು ತರಗತಿಗೆ ನಲವತ್ತು ಕಪ್ಪೆ. ಅದರಲ್ಲಿ ಮುಂದೆ ಪ್ರಾಣಿಶಾಸ್ತ್ರ ಓದಿದ ಹುಡುಗರು ಒಬ್ಬರೋ ಇಬ್ಬರೋ. ಅಷ್ಟು ಜೀವ ತೆಗೆಯುವ ಅಗತ್ಯ ಇರಲಿಲ್ಲ ಅಂತ ಈಗ ಅನಿಸುತ್ತದೆ. ನನಗೆ ಅದರ ನೋವಿದೆ. 2014ರಲ್ಲಿ ಯುಜಿಸಿ ಕಾಲೇಜುಗಳಲ್ಲಿ ಇದನ್ನು ನಿಲ್ಲಿಸಲು ಹೇಳಿತು. ಒಳ್ಳೆಯದಾಯಿತು.

ಈಗಿನ ಸಂಶೋಧನೆ ಹಾಗಿಲ್ಲ ಅನ್ನೋದನ್ನು ಅಪ್ಪನವರಿಗೆ ಹೇಳಬೇಕು. ಒಂದು ಉದಾಹರಣೆ. ಕಪ್ಪೆಯ ವಯಸ್ಸು ತಿಳಿಯೋದು ಹೇಗೆ? ಬೆರಳಿನ ತುದಿಯ ಒಂದು ಸಣ್ಣ ಮೂಳೆ ಸಾಕು. ಕಪ್ಪೆಯನ್ನು ಬಿಟ್ಟುಬಿಡಬಹುದು. ಆ ಮೂಳೆಯ ಸುಣ್ಣ ಕರಗಿಸಿ, ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಕಡಿದ ಮರದ ಕಾಂಡದಲ್ಲಿ ಕಾಣುವ ಹಾಗೆ ಉಂಗುರಗಳು ಕಾಣುತ್ತವೆ. ಚಳಿ ದೇಶದಲ್ಲಿ ಕಪ್ಪೆ ಚಳಿಗಾಲದಲ್ಲಿ ಬೆಳೆಯೋದು ನಿಲ್ಲಿಸುತ್ತದೆ, ಹಾಗಾಗಿ ಉಂಗುರ ಸರಿ. ನಮ್ಮಂಥ ಬಿಸಿ ನಾಡಿನಲ್ಲೂ ಹಾಗೇ ಬೀಳುತ್ತವಾ ಅನ್ನೋದು ಪ್ರಶ್ನೆ ಆಗಿತ್ತು. ಪ್ರೊ. ಪಂಚರತ್ನ ಮತ್ತು ಅವರ ವಿದ್ಯಾರ್ಥಿಗಳು ನಮ್ಮ ಕೆರೆಯ ಕಪ್ಪೆಗಳಲ್ಲಿ ಆ ಗೆರೆಗಳನ್ನು ತೋರಿಸಿದರು. ಅದೂ ಧಾರವಾಡದ ಕೆಲಸವೇ. ಒಂದು ಸಲ ಧಾರವಾಡಕ್ಕೆ ಹೋದಾಗ ಅಂಥ ಒಂದು ಸ್ಲೈಡ್ ನೋಡುವ ಅವಕಾಶ ಸಿಕ್ಕಿತ್ತು. ನೇರಳೆ ಬಣ್ಣದ ಒಂದು ಚಿಕ್ಕ ಬಳೆ, ಅದರೊಳಗೆ ಕೂದಲೆಳೆಯಷ್ಟು ತೆಳ್ಳಗಿನ ಎರಡು ಗೆರೆ. ಎರಡು ಮಳೆಗಾಲ ಕಂಡ ಜೀವ.

ಬೆಟಗೇರಿ ಓಣಿ

ಎಲ್ಲಾ ಓದಿದೆ. ಇದರ ಮಹತ್ವ ಇಲ್ಲ ಅಂತ ನಾನು ಅಂದಿಲ್ಲ. ತಂಗಿ, ನೀನೇ ಮನಸ್ಸು ಬಿಚ್ಚಿ ಹೇಳು. ಹೊಟ್ಟೆಪಾಡು ಹೇಗೆ?

ಕೆಲಗೇರಿ ದಂಡೆ

ಅಣ್ಣಾ, ಮುಚ್ಚಿಟ್ಟು ಹೇಳಲ್ಲ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. 2023ರಿಂದ ಇದೇ ದರ. ಮನೆ ಬಾಡಿಗೆ ಭತ್ಯೆ ಬೇರೆ. ನನಗೆ ಎರಡು ಸಲ ಹೋಯಿತು, ಮೂರನೇ ಸಲ ಸಿಕ್ಕಿತು. ಹಣ ಒಮ್ಮೊಮ್ಮೆ ತಡವಾಗಿ ಬರುತ್ತದೆ, ಆ ತಿಂಗಳು ಕಷ್ಟ. ಪಿಎಚ್‌ಡಿ ಆದ ಮೇಲೆ ನೌಕರಿ ಕೈಯಲ್ಲಿ ಇಟ್ಟುಕೊಂಡು ಯಾರೂ ಕಾಯ್ತಿರಲ್ಲ. ನಿಮ್ಮ ತಮ್ಮನ ಕಥೆ ನನ್ನ ಸೀನಿಯರ್‌ಗಳ ಕಥೆಯೂ ಹೌದು.

ಕಾಕಾ, ಅದಕ್ಕೇ ಒಂದು ಮಾತು. ಫೆಲೋಶಿಪ್ ಇಲ್ಲದೆ ಸೇರಿಸಬೇಡಿ. ಒಂದು ವರ್ಷ ನೆಟ್‌ಗೆ ಓದಲಿ. ಜೊತೆಗೆ ಉಪನ್ಯಾಸಕರ ಅರ್ಹತೆಗೆ ರಾಜ್ಯದ ಕೆ-ಸೆಟ್ ಪರೀಕ್ಷೆ ಕೂಡ ಬರೆಯಲಿ. ಆ ವರ್ಷ ಪಾಯಾದ ಕಪ್ಪೆಗಳನ್ನು ನೋಡಿ ದಿನಾ ಒಂದು ಪುಸ್ತಕದಲ್ಲಿ ಬರೆದಿಡಲಿ. ದಿನಾಂಕ, ಮಳೆ, ನೀರಿನ ಆಳ, ಏನು ಕಂಡಿತು. ಅದು ಬೇಸರ ಬರದೆ ವರ್ಷ ಪೂರ್ತಿ ನಡೆದರೆ, ಅವಳಿಗೆ ಈ ಕೆಲಸ ಆಗುತ್ತದೆ.

ಅಜ್ಜಿಗೆ ಒಂದು ಕಥೆ ಹೇಳಿ. ಪಕ್ಕದ ಉತ್ತರ ಕನ್ನಡದ ಕಾಡಿನ ಹಳ್ಳದಲ್ಲಿ ಒಂದು ಕಪ್ಪೆ ಇದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗಾಲಿನಲ್ಲಿ ಕೆಸರು ತೆಗೆದು ಮೊಟ್ಟೆ ಮೇಲೆ ಮೆತ್ತುತ್ತದೆ, ನಾವು ಗೋಡೆಗೆ ಮಣ್ಣು ಮೆತ್ತುವ ಹಾಗೆ. 2014ರಲ್ಲಿ ಅದನ್ನು ಹೊಸ ಜಾತಿ ಅಂತ ಗುರುತಿಸಿದ ಕೆ.ವಿ. ಗುರುರಾಜ ಮತ್ತು ಜೊತೆಯವರು "ಕುಂಬಾರ" ಅಂತಲೇ ಹೆಸರಿಟ್ಟರು. ಜಗತ್ತಿನ ವಿಜ್ಞಾನಿಗಳೆಲ್ಲ ಈಗ ಆ ಕನ್ನಡ ಪದವನ್ನೇ ಹೇಳಬೇಕು.

ಸಪ್ತಾಪುರದ ಅಪ್ಪ

ತಡವಾಗಿ ಬರೀತಿದ್ದೀನಿ, ಮೂರು ವಾರ ಆಯಿತು. ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಕುಂಬಾರ ಕಪ್ಪೆ ಕಥೆಯನ್ನು ನಮ್ಮವ್ವ ಎರಡು ಸಲ ಓದಿಸಿಕೊಂಡರು. ಬಿಪಿ ಗುಳಿಗೆ ತೆಗೆದುಕೊಳ್ಳುವಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡ್ತಾರೆ. ನೆಟ್ ಪುಸ್ತಕ ಬಂದಿವೆ. ಒಂದು ವರ್ಷ ಅಂತ ನಾವಿಬ್ಬರೂ ಮಾತಾಡಿಕೊಂಡೆವು.

ಪುಸ್ತಕದಲ್ಲಿ ಬರೆಯುವುದನ್ನು ಅವಳು ಅವತ್ತೇ ಶುರು ಮಾಡಿದಳು. ನೀರಿನ ಆಳ ಅಳೆಯೋಕೆ ನನ್ನ ಹಳೆ ಕಟ್ಟಿಗೆಯ ಸ್ಕೇಲು. ನಡುವೆ ಎಂಟು ದಿನ ಮಳೆ ಇರಲಿಲ್ಲ. 31 ಸೆಂಟಿಮೀಟರ್ ಇದ್ದದ್ದು 12ಕ್ಕೆ ಇಳಿಯಿತು. ನೀರು ಕಡಿಮೆಯಾದರೆ ಮರಿಗಳು ಬೇಗ ಕಪ್ಪೆ ಆಗುತ್ತವೆ ಅಂತ, ಮಣ್ಣಿನಲ್ಲಿ ಹೂತುಕೊಳ್ಳುವ ಒಂದು ಕಪ್ಪೆಯ ಮೇಲೆ 2011ರಲ್ಲಿ ನಮ್ಮ ವಿಶ್ವವಿದ್ಯಾಲಯದವರೇ ಬರೆದಿದ್ದಾರಂತೆ. ಅದನ್ನು ಹುಡುಕಿ ಓದಿ ನನಗೂ ಹೇಳಿದಳು. ನಮ್ಮ ಪಾಯಾದವು ಬೇರೆ ಜಾತಿ, ಹಾಗಾಗಿ ನೋಡದೆ ಹೇಳಬಾರದು ಅಂತಾಳೆ.

ನಿನ್ನೆ ಸಂಜೆ ಚಹಾ ಸೋಸುವ ಜರಡಿಯಲ್ಲಿ ಒಂದನ್ನು ಮೆಲ್ಲಗೆ ಎತ್ತಿ ತೋರಿಸಿದಳು. ಹಿಂಗಾಲು ಎರಡೂ ಬಂದಿವೆ, ದಾರದಷ್ಟು ಸಣ್ಣ. ಮುಂಗಾಲು ಇನ್ನೂ ಒಳಗೇ ಇದ್ದವು, ಚರ್ಮದ ಕೆಳಗೆ ಮೊಣಕೈ ಒತ್ತುತ್ತಿರುವುದು ಟಾರ್ಚಿನ ಬೆಳಕಿಗೆ ಕಾಣುತ್ತಿತ್ತು. ಮತ್ತೆ ನೀರಿಗೆ ಬಿಟ್ಟಳು.

ಇವತ್ತು ಬೆಳಿಗ್ಗೆ ಗೌಂಡಿ ಬಂದು, ನಾಳೆ ನೀರು ತೆಗೆದು ಕಲ್ಲು ತುಂಬ್ತೀವಿ ಅಂದ. ಜಾಗದ ಮಾಲೀಕರಿಗೆ ಫೋನ್ ಮಾಡಿ ಒಂದು ವಾರ ತಡೀರಿ ಅಂತ ಕೇಳಿಕೊಂಡೆ. ಯಾಕೆ ಅಂದರು. ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರದ ತನಕ ಆಯ್ತು ಅಂದರು. ಮಗಳು ಲೆಕ್ಕ ಹಾಕುತ್ತಿದ್ದಾಳೆ. ಗೋಣಿಚೀಲ ಎರಡು ಮೂಲೆಗೆ ಇಳಿಬಿಟ್ಟಿದ್ದೇವೆ.